ಸಂಬಳದವರ ಇನ್‌ಕಮ್ ಟ್ಯಾಕ್ಸ್: ಮೊದಲು ರಿಜೀಮ್ ಲೆಕ್ಕ ಹಾಕಿ, ಪಾಲಿಸಿ ಆಮೇಲೆ ನೋಡೋಣ

ಜನವರಿ ಬಂದ್ರೆ ಸಾಕು, ಎಚ್‌ಆರ್ ಕಡೆಯಿಂದ ಪ್ರೂಫ್ ಕೊಡಿ ಪ್ರೂಫ್ ಕೊಡಿ ಅಂತ ಮೇಲ್ ಶುರುವಾಗತ್ತೆ, ಅದೇ ಟೈಮಿಗೆ ಸರಿಯಾಗಿ ಪರಿಚಯದ ಏಜೆಂಟ್ ಒಬ್ರು ಫೋನ್ ಮಾಡಿ ಒಂದು ಪಾಲಿಸಿ ಮಾಡಿಸ್ಬಿಡಿ ಟ್ಯಾಕ್ಸ್ ಉಳಿಯತ್ತೆ ಅಂತಾರೆ, ಜನ ಹ್ಞೂಂ ಅಂದು ಇಪ್ಪತ್ತು ವರ್ಷದ ಪ್ರೀಮಿಯಂ ಕೊರಳಿಗೆ ಕಟ್ಕೊಂಡ್ಬಿಡ್ತಾರೆ. ಸರಿ, ಅದ್ರಿಂದ ಟ್ಯಾಕ್ಸ್ ಎಷ್ಟು ಉಳೀತು ಅಂತ ಕೇಳಿ ನೋಡಿ. ತುಂಬಾ ಜನಕ್ಕೆ ಉಳಿದಿರೋದು ಸೊನ್ನೆ, ಯಾಕಂದ್ರೆ ಟ್ಯಾಕ್ಸ್ ಲೆಕ್ಕ ಹಾಕೋಕೆ ಹಳೇದು, ಹೊಸದು ಅಂತ ಎರಡು ಪದ್ಧತಿ (ರಿಜೀಮ್) ಇವೆ, ಅವರು ಇರೋದು ಹೊಸ ರಿಜೀಮ್‌ನಲ್ಲಿ, ಅಲ್ಲಿ ಪಾಲಿಸಿ, ಪಿಎಫ್ ಥರದ್ದಕ್ಕೆ ಕಟ್ಟಿದ ದುಡ್ಡನ್ನ ಆದಾಯದಿಂದ ಕಳೆಯೋ 80ಸಿ ಅನ್ನೋ ಕಡಿತಾನೇ ಸಿಗಲ್ಲ. 2023-24ರಿಂದ ಹೊಸ ರಿಜೀಮೇ ಡಿಫಾಲ್ಟ್, ಅಂದ್ರೆ ನೀವು ಬಾಯಿ ಬಿಟ್ಟು ಹಳೇದು ಬೇಕು ಅಂತ ಹೇಳಿಲ್ಲ ಅಂದ್ರೆ ಕಂಪನಿ ನಿಮ್ಮನ್ನ ಅದ್ರಲ್ಲೇ ಹಾಕಿರತ್ತೆ.

ಈ ಲೇಖನದ ಲೆಕ್ಕ ಎಲ್ಲಾ 2025-26ನೇ ಹಣಕಾಸು ವರ್ಷದ್ದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರೋದ್ರಿಂದ ಸೆಕ್ಷನ್ ನಂಬರ್‌ಗಳೆಲ್ಲ ಮುಂದೆ ಬದಲಾಗ್ತವೆ, ಆದ್ರೆ 2025-26ರ ಆದಾಯಕ್ಕೆ 1961ರ ಕಾಯ್ದೆನೇ, ಅದಕ್ಕೆ ಇಲ್ಲಿ ಹಳೇ ನಂಬರ್‌ಗಳನ್ನೇ ಬಳಸಿದೀನಿ. ಬಿಸಿನೆಸ್ ಇರೋರ ಕಥೆ ಬೇರೆ, ಇದು ಮುಖ್ಯವಾಗಿ ಸಂಬಳದವರಿಗೆ, ಜೊತೆಗೆ ಊರಲ್ಲಿ ತೋಟ ಇರೋರಿಗೆ.

ಹೆಜ್ಜೆ 1: ಯಾವ ರಿಜೀಮ್ ಅನ್ನೋದನ್ನ ಪೇಪರ್ ಮೇಲೆ ಲೆಕ್ಕ ಹಾಕಿ

ಹೊಸ ರಿಜೀಮ್ ಸ್ಲ್ಯಾಬ್ ಹೀಗಿದೆ: 4 ಲಕ್ಷದವರೆಗೆ ಏನೂ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದ್ರೆ ಯಾವ ಪ್ರೂಫೂ ಇಲ್ದೆ ಸಂಬಳದಿಂದ ಕಳೆಯೋ ಮೊತ್ತ. ಕಡಿತ ಎಲ್ಲಾ ಕಳೆದು ಉಳಿದ ಆದಾಯ (ಟ್ಯಾಕ್ಸಬಲ್ ಇನ್‌ಕಮ್) 12 ಲಕ್ಷ ದಾಟದಿದ್ರೆ 87ಎ ರಿಬೇಟ್, ಅಂದ್ರೆ ಬಂದ ಟ್ಯಾಕ್ಸ್‌ನಲ್ಲೇ ರಿಯಾಯ್ತಿ, 60,000ದವರೆಗೆ ಸಿಗತ್ತೆ, ಹಾಗಾಗಿ ಟ್ಯಾಕ್ಸ್ ಸೊನ್ನೆ. 12.75 ಲಕ್ಷ ಸಂಬಳದವರೆಗೆ ಟ್ಯಾಕ್ಸ್ ಇಲ್ಲ ಅಂತಾರಲ್ಲ, ಅದು ಬಂದಿದ್ದು ಇಲ್ಲಿಂದ.

ಹಳೇದ್ರಲ್ಲಿ 2.5 ಲಕ್ಷದವರೆಗೆ ಇಲ್ಲ (60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷ), ಅಲ್ಲಿಂದ 5 ಲಕ್ಷದವರೆಗೆ ಶೇ 5, 5ರಿಂದ 10ಕ್ಕೆ ಶೇ 20, 10ರ ಮೇಲೆ ಶೇ 30, ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಮಾತ್ರ. ರೇಟು ಜಾಸ್ತಿ, ಆದ್ರೆ ಕಡಿತಗಳು ಸಿಗ್ತವೆ: 80ಸಿಯಲ್ಲಿ 1.5 ಲಕ್ಷ (ಪಿಎಫ್, ಪಿಪಿಎಫ್, ಎಲ್‌ಐಸಿ, ಮಕ್ಕಳ ಟ್ಯೂಷನ್ ಫೀ, ಹೋಮ್ ಲೋನ್ ಅಸಲು ಎಲ್ಲಾ ಸೇರಿ), ಸ್ವಂತ ವಾಸದ ಮನೆಯ ಲೋನ್ ಬಡ್ಡಿ 2 ಲಕ್ಷದವರೆಗೆ, ಎನ್‌ಪಿಎಸ್ ಅನ್ನೋ ಪೆನ್ಷನ್ ಸ್ಕೀಮ್‌ಗೆ ಎಕ್ಸ್‌ಟ್ರಾ 50,000, ಹೆಲ್ತ್ ಇನ್ಶೂರೆನ್ಸ್‌ಗೆ (80ಡಿ) 25,000, ಅಪ್ಪ-ಅಮ್ಮ ಸೀನಿಯರ್ ಸಿಟಿಜನ್ ಆಗಿದ್ರೆ ಅವರ ಪಾಲಿಸಿಗೆ ಇನ್ನೂ 50,000, ಆಮೇಲೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ). ಎರಡರಲ್ಲೂ ಬಂದ ಟ್ಯಾಕ್ಸ್ ಮೇಲೆ ಶೇ 4 ಸೆಸ್.

ಈಗ 15 ಲಕ್ಷ ಸಂಬಳ ಅಂದ್ಕೊಳ್ಳಿ. ಹೊಸದ್ರಲ್ಲಿ 75,000 ಕಳೆದ್ರೆ 14.25 ಲಕ್ಷ, ಟ್ಯಾಕ್ಸ್ 93,750, ಸೆಸ್ ಸೇರಿ 97,500. ಹಳೇದ್ರಲ್ಲಿ ಇಷ್ಟೇ ಟ್ಯಾಕ್ಸ್ ಬರಬೇಕು ಅಂದ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೂ ಹತ್ತಿರ ಹತ್ತಿರ 5.44 ಲಕ್ಷದ ಕಡಿತ ತೋರಿಸ್ಬೇಕು! 80ಸಿ ಫುಲ್, ಹೋಮ್ ಲೋನ್ ಬಡ್ಡಿ ಫುಲ್, ಎನ್‌ಪಿಎಸ್ ಫುಲ್, 80ಡಿ 25,000 ಎಲ್ಲಾ ಸೇರಿಸಿದ್ರೂ 4.25 ಲಕ್ಷಕ್ಕೇ ನಿಲ್ಲತ್ತೆ, ಅದರ ಮೇಲೆ ಎಚ್‌ಆರ್‌ಎ ಬೇರೆ ಬೇಕು. 20 ಲಕ್ಷ ಸಂಬಳಕ್ಕೆ ಈ ಗಡಿ ಸುಮಾರು 7.08 ಲಕ್ಷಕ್ಕೆ ಹೋಗತ್ತೆ. ಅಂದ್ರೆ ದೊಡ್ಡ ಬಾಡಿಗೆ ಕಟ್ತಾ ಜೊತೆಗೆ ಹೋಮ್ ಲೋನೂ ಇರೋರನ್ನ ಬಿಟ್ರೆ ಉಳಿದ ಬಹುತೇಕರಿಗೆ ಹೊಸದೇ ವಾಸಿ, ಇದು ನನ್ನ ಅಭಿಪ್ರಾಯ ಅಲ್ಲ, ಲೆಕ್ಕಾನೇ ಹಾಗೆ ಹೇಳತ್ತೆ. ಆದ್ರೂ ನಿಮ್ಮ ನಂಬರ್ ಹಾಕಿ ನೋಡಿ, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲೇ ಕ್ಯಾಲ್ಕ್ಯುಲೇಟರ್ ಇದೆ, ಹತ್ತು ನಿಮಿಷದ ಕೆಲಸ.

ಹೊಸ ರಿಜೀಮ್ ಸೂಟ್ ಆಗತ್ತೆ ಅಂತ ಗೊತ್ತಾದ್ಮೇಲೆ ಪಾಲಿಸಿ, ಐದು ವರ್ಷದ ಟ್ಯಾಕ್ಸ್ ಸೇವರ್ ಎಫ್‌ಡಿ, ಇಎಲ್‌ಎಸ್‌ಎಸ್ (ಟ್ಯಾಕ್ಸ್ ಉಳಿಸೋ ಮ್ಯೂಚುವಲ್ ಫಂಡ್) ಇವನ್ನೆಲ್ಲ ಟ್ಯಾಕ್ಸ್ ಹೆಸರಲ್ಲಿ ತಗೊಳ್ಳೋ ಅಗತ್ಯ ಇಲ್ಲ. ಟರ್ಮ್ ಇನ್ಶೂರೆನ್ಸ್, ಹೆಲ್ತ್ ಇನ್ಶೂರೆನ್ಸ್ ಮಾತ್ರ ಟ್ಯಾಕ್ಸ್ ಉಳೀಲಿ ಬಿಡ್ಲಿ ಇರ್ಲೇಬೇಕು, 80ಡಿ ಸಿಗಲ್ಲ ಅಂತ ಆಸ್ಪತ್ರೆ ಪಾಲಿಸಿ ನಿಲ್ಲಿಸೋದು ಶುದ್ಧ ದಡ್ಡತನ.

ಹೆಜ್ಜೆ 2: 12 ಲಕ್ಷದ ಅಂಚಲ್ಲಿ ಇದ್ರೆ ಇದನ್ನ ಎರಡು ಸಲ ಓದಿ

ಇದನ್ನ ಯಾರೂ ಸರಿಯಾಗಿ ಬಿಡಿಸಿ ಹೇಳಲ್ಲ. ನಿಮ್ಮ ಸಂಬಳ 12.75 ಲಕ್ಷ, ಟ್ಯಾಕ್ಸ್ ಸೊನ್ನೆ. ಇನ್‌ಕ್ರಿಮೆಂಟ್ ಬಂದು 13.25 ಲಕ್ಷ ಆಯ್ತು, ಟ್ಯಾಕ್ಸಬಲ್ 12.5 ಲಕ್ಷ. ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್ 67,500, ಆದ್ರೆ ಮಾರ್ಜಿನಲ್ ರಿಲೀಫ್ ಅಂತ ಒಂದಿದೆ, 12 ಲಕ್ಷದ ಮೇಲೆ ಎಷ್ಟು ಜಾಸ್ತಿ ಬಂತೋ ಅದಕ್ಕಿಂತ ಹೆಚ್ಚು ಟ್ಯಾಕ್ಸ್ ಹಾಕಲ್ಲ, ಹಾಗಾಗಿ 50,000ಕ್ಕೆ ಇಳಿಯತ್ತೆ, ಅದಕ್ಕೆ ಸೆಸ್ ಸೇರಿ 52,000. ಅಂದ್ರೆ ವರ್ಷಕ್ಕೆ 50,000 ಇನ್‌ಕ್ರಿಮೆಂಟ್ ಸಿಕ್ಕಿದ್ದಕ್ಕೆ ಟ್ಯಾಕ್ಸ್ 52,000, ಮೇಲಿಂದ 2,000 ನೀವೇ ಕೈಯಿಂದ ಹಾಕಿದ ಹಾಗೆ. ಟ್ಯಾಕ್ಸಬಲ್ ಇನ್‌ಕಮ್ ಸುಮಾರು 12.70 ಲಕ್ಷ ದಾಟೋವರೆಗೂ ಈ ಕಾಟ ಇರತ್ತೆ.

ಹೊಸ ರಿಜೀಮ್‌ನಲ್ಲಿ ಇದಕ್ಕೆ ನೆಟ್ಟಗಿನ ದಾರಿ ಒಂದಿದೆ, ಕಂಪನಿ ಕಡೆಯಿಂದ ಹೋಗೋ ಎನ್‌ಪಿಎಸ್, ಸೆಕ್ಷನ್ 80ಸಿಸಿಡಿ(2). ನೀವೇ ಕಟ್ಟೋ ಎನ್‌ಪಿಎಸ್‌ಗೆ ಹೊಸದ್ರಲ್ಲಿ ಕಡಿತ ಇಲ್ಲ, ಆದ್ರೆ ಕಂಪನಿ ಕಟ್ಟೋದಕ್ಕೆ ಬೇಸಿಕ್ (ಮೂಲ ವೇತನ) ಪ್ಲಸ್ ಡಿಎಯ (ತುಟ್ಟಿಭತ್ಯೆ) ಶೇ 14ರವರೆಗೆ ಇದೆ. ಮೇಲಿನ 13.25 ಲಕ್ಷದವರ ಬೇಸಿಕ್ 6 ಲಕ್ಷ ಅಂತಿಟ್ಕೊಳ್ಳಿ, ಡಿಎ ಇಲ್ಲ, ಅದರ ಶೇ 14 ಅಂದ್ರೆ 84,000. ಎಚ್‌ಆರ್ ಹತ್ರ ಹೇಳಿ ಸಿಟಿಸಿ (ಕಂಪನಿ ನಿಮಗೆ ಮಾಡೋ ಒಟ್ಟು ಖರ್ಚು) ಒಳಗೇ ಇಷ್ಟನ್ನ ಎನ್‌ಪಿಎಸ್‌ಗೆ ತಿರುಗಿಸಿದ್ರೆ ಟ್ಯಾಕ್ಸಬಲ್ 11.66 ಲಕ್ಷಕ್ಕೆ ಬರತ್ತೆ, 52,000 ಟ್ಯಾಕ್ಸ್ ಪೂರ್ತಿ ಹೋಯ್ತು. ಕೈಗೆ ಬರೋ ಸಂಬಳ 84,000 ಕಮ್ಮಿ ಆಗತ್ತೆ ನಿಜ, ಆದ್ರೆ ಅದರಲ್ಲಿ 52,000 ಹೇಗೂ ಸರ್ಕಾರಕ್ಕೆ ಹೋಗೋದಿತ್ತು. ದುಡ್ಡು ತುಂಬಾ ವರ್ಷ ಲಾಕ್ ಆಗತ್ತೆ ಅನ್ನೋದು ನೆನಪಿರ್ಲಿ, ಎರಡು ವರ್ಷದಲ್ಲಿ ಸೈಟ್ ತಗೋಬೇಕು ಅಂತ ಪ್ಲಾನ್ ಇರೋರು ಯೋಚನೆ ಮಾಡಿ. ಮತ್ತೆ ಎಲ್ಲಾ ಕಂಪನಿಯಲ್ಲೂ ಈ ಆಪ್ಷನ್ ಇರಲ್ಲ, ಇದ್ರೂ ಎಷ್ಟೋ ಕಡೆ ವರ್ಷದ ಶುರುವಿನಲ್ಲೇ ಆರಿಸ್ಕೋಬೇಕು, ಮಾರ್ಚ್‌ನಲ್ಲಿ ಎದ್ದು ಕೇಳಿದ್ರೆ ಆಗಲ್ಲ ಅಂತಾರೆ.

ಇನ್ನೊಂದು, ಈ ರಿಬೇಟ್ ಷೇರು ಲಾಭಕ್ಕೆ ಅನ್ವಯ ಆಗಲ್ಲ. ನಿಮ್ಮ ಸಂಬಳದ ಟ್ಯಾಕ್ಸಬಲ್ 11 ಲಕ್ಷ ಇದ್ದು, ಷೇರು ಒಂದು ವರ್ಷದ ಒಳಗೆ ಮಾರಿ 50,000 ಲಾಭ ಮಾಡಿದ್ರೆ, ಒಟ್ಟು 12 ಲಕ್ಷದ ಒಳಗೇ ಇದ್ರೂ ಆ 50,000ಕ್ಕೆ ಶೇ 20ರಂತೆ 10,000 ಮತ್ತು ಸೆಸ್ ಕಟ್ಟಲೇಬೇಕು. ಒಂದು ವರ್ಷ ದಾಟಿದ ಷೇರು, ಈಕ್ವಿಟಿ ಫಂಡ್ ಆದ್ರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಟ್ಯಾಕ್ಸ್ ಇಲ್ಲ, ಅದರ ಮೇಲೆ ಶೇ 12.5.

ಹೆಜ್ಜೆ 3: ಹಳೇ ರಿಜೀಮ್‌ನೋರು ಎಚ್‌ಆರ್‌ಎ ಸರಿಯಾಗಿ ಹಾಕಿ

ಕೊಟ್ಟ ಬಾಡಿಗೆ ಪೂರ್ತಿ ಮೈನಸ್ ಆಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆಗಲ್ಲ. ಮೂರು ನಂಬರ್ ತಗೊಂಡು ಅದರಲ್ಲಿ ಕಮ್ಮಿ ಇರೋದು: ಕಂಪನಿ ಕೊಟ್ಟ ಎಚ್‌ಆರ್‌ಎ, ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದ ಮೊತ್ತ, ಮತ್ತೆ ಬೇಸಿಕ್‌ನ ಶೇ 40. ಮೂರನೇದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ ಶೇ 50, 2025-26ರ ಲೆಕ್ಕದಲ್ಲಿ ನಮ್ಮ ಬೆಂಗಳೂರು ಮೆಟ್ರೋ ಅಲ್ಲ ಅಂತಾನೇ ಅರ್ಥ, ನಮ್ಮ ಬಾಡಿಗೆ ನೋಡಿದೋರು ಯಾರೂ ಇದನ್ನ ಒಪ್ಪಲ್ಲ ಬಿಡಿ.

ಬೇಸಿಕ್ ತಿಂಗಳಿಗೆ 50,000, ಎಚ್‌ಆರ್‌ಎ 20,000, ಬಾಡಿಗೆ 18,000 ಇದ್ರೆ: ವರ್ಷಕ್ಕೆ ಎಚ್‌ಆರ್‌ಎ 2.4 ಲಕ್ಷ, ಬಾಡಿಗೆ 2.16 ಲಕ್ಷದಲ್ಲಿ 60,000 ಕಳೆದ್ರೆ 1.56 ಲಕ್ಷ, ಬೇಸಿಕ್‌ನ ಶೇ 40 ಅಂದ್ರೆ 2.4 ಲಕ್ಷ. ಸಿಗೋದು 1.56 ಲಕ್ಷ. ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ಕೊಡ್ಬೇಕು, ಕೊಡಲ್ಲ ಅನ್ನೋ ಓನರ್ ಇದ್ರೆ ಮನೆ ಸೇರೋ ಮುಂಚೆನೇ ಮಾತಾಡ್ಕೊಳ್ಳಿ. ತಿಂಗಳ ಬಾಡಿಗೆ 50,000 ಮೀರಿದ್ರೆ ನೀವೇ ಶೇ 2 ಟಿಡಿಎಸ್ (ದುಡ್ಡು ಕೊಡೋ ಮುಂಚೆನೇ ಹಿಡಿಯೋ ಟ್ಯಾಕ್ಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇದು ರಿಜೀಮ್ ಯಾವುದೇ ಇದ್ರೂ ಅನ್ವಯ.

ಅಪ್ಪ-ಅಮ್ಮನ ಮನೇಲಿದ್ದು ಅವರಿಗೆ ಬಾಡಿಗೆ ಕೊಡ್ತೀನಿ ಅಂತ ತೋರಿಸಬಹುದಾ? ಮನೆ ಅವರ ಹೆಸರಲ್ಲಿದ್ದು, ದುಡ್ಡು ನಿಜವಾಗ್ಲೂ ಬ್ಯಾಂಕ್ ಮೂಲಕ ಹೋಗಿ, ಅವರು ಅದನ್ನ ಆದಾಯ ಅಂತ ತೋರಿಸಿದ್ರೆ ಆಗತ್ತೆ. ಅವರಿಗೆ ಬಾಡಿಗೆ ಮೇಲೆ ಶೇ 30 ಕಡಿತ ತಾನಾಗೇ ಸಿಗತ್ತೆ. ಬರೀ ರಶೀದಿ ಬರೆದು ಸೈನ್ ಹಾಕಿಸೋದು ಬೇಡ.

ಹೆಜ್ಜೆ 4: ಸಂಬಳ ಬಿಟ್ಟು ಬೇರೆ ಏನು ಬಂತು ಪಟ್ಟಿ ಮಾಡಿ

ಎಫ್‌ಡಿ ಬಡ್ಡಿಗೆ ಬ್ಯಾಂಕ್‌ನೋರು ಶೇ 10 ಟಿಡಿಎಸ್ ಹಿಡಿದಿದಾರೆ, ಅಲ್ಲಿಗೆ ಮುಗೀತು ಅನ್ನೋದು ತಪ್ಪು. ನೀವು ಶೇ 30 ಸ್ಲ್ಯಾಬ್‌ನಲ್ಲಿದ್ರೆ ಉಳಿದಿದ್ದನ್ನ ನೀವೇ ಕಟ್ಟಬೇಕು. ಒಂದು ಬ್ಯಾಂಕಲ್ಲಿ ವರ್ಷದ ಬಡ್ಡಿ 50,000 ದಾಟದಿದ್ರೆ ಟಿಡಿಎಸ್ ಹಿಡಿಯಲ್ಲ (ಸೀನಿಯರ್‌ಗಳಿಗೆ 1 ಲಕ್ಷ), ಆದ್ರೆ ಟಿಡಿಎಸ್ ಹಿಡಿದಿಲ್ಲ ಅಂದ್ರೆ ಟ್ಯಾಕ್ಸ್ ಇಲ್ಲ ಅಂತ ಅಲ್ಲ. ಸೇವಿಂಗ್ಸ್ ಅಕೌಂಟ್ ಬಡ್ಡಿಗೂ ಹೊಸ ರಿಜೀಮ್‌ನಲ್ಲಿ ವಿನಾಯ್ತಿ ಇಲ್ಲ, ಹಳೇದ್ರಲ್ಲಿ 10,000ದವರೆಗೆ ಇದೆ. ಹೆಂಡತಿ ಹೆಸರಿಗೆ ದುಡ್ಡು ಹಾಕಿ ಎಫ್‌ಡಿ ಮಾಡಿಸಿದ್ರೂ ಆ ಬಡ್ಡಿ ನಿಮ್ಮ ಆದಾಯಕ್ಕೇ ಸೇರತ್ತೆ.

ಟಿಡಿಎಸ್ ಎಲ್ಲಾ ಕಳೆದ್ಮೇಲೂ ಕಟ್ಟಬೇಕಾದ ಟ್ಯಾಕ್ಸ್ 10,000 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು, ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ. ಇಲ್ಲಾಂದ್ರೆ ತಿಂಗಳಿಗೆ ಶೇ 1 ಬಡ್ಡಿ. ಬಿಸಿನೆಸ್ ಇಲ್ಲದ ಸೀನಿಯರ್ ಸಿಟಿಜನ್‌ಗಳಿಗೆ ಈ ತಲೆನೋವಿಲ್ಲ.

ಮಧ್ಯದಲ್ಲಿ ಕೆಲಸ ಬದಲಾಯಿಸಿದೋರು ಹುಷಾರು. ಹಳೇ ಕಂಪನಿಯೂ ಸ್ಲ್ಯಾಬ್, ಸ್ಟ್ಯಾಂಡರ್ಡ್ ಡಿಡಕ್ಷನ್, ರಿಬೇಟ್ ಕೊಟ್ಟಿರತ್ತೆ, ಹೊಸ ಕಂಪನಿಯೂ ಮೊದಲಿಂದ ಮತ್ತೆ ಕೊಟ್ಟಿರತ್ತೆ, ಜುಲೈನಲ್ಲಿ ಎರಡು ಫಾರಂ 16 (ಸಂಬಳ, ಟಿಡಿಎಸ್ ವಿವರ ಇರೋ ಕಂಪನಿಯ ಸರ್ಟಿಫಿಕೇಟ್) ಸೇರಿಸಿದಾಗ ದೊಡ್ಡ ಮೊತ್ತ ಬಾಕಿ ಅಂತ ಬರತ್ತೆ. ಸೇರಿದ ತಕ್ಷಣ ಹಳೇ ಸಂಬಳದ ವಿವರ ಫಾರಂ 12ಬಿಯಲ್ಲಿ ಹೊಸ ಕಂಪನಿಗೆ ಕೊಟ್ಬಿಡಿ.

ರಿಟೈರ್ ಆದ ಅಪ್ಪ-ಅಮ್ಮನಿಗೆ ಒಟ್ಟಾರೆ ಟ್ಯಾಕ್ಸ್ ಸೊನ್ನೆ ಬರೋ ಹಾಗಿದ್ರೆ ವರ್ಷದ ಶುರುವಿನಲ್ಲೇ ಬ್ಯಾಂಕಿಗೆ ಟಿಡಿಎಸ್ ಹಿಡಿಬೇಡಿ ಅಂತ ಡಿಕ್ಲರೇಶನ್ ಕೊಡಿಸಿ (2025-26ಕ್ಕೆ ಅದು ಫಾರಂ 15ಎಚ್), ಇಲ್ಲಾಂದ್ರೆ ಟಿಡಿಎಸ್ ಹಿಡಿದು, ಅದನ್ನ ವಾಪಸ್ ತಗೊಳ್ಳೋಕೆ ರಿಟರ್ನ್ ಹಾಕಿ ಕಾಯ್ತಾ ಕೂರ್ಬೇಕು.

ಹೆಜ್ಜೆ 5: ಊರಲ್ಲಿ ತೋಟ ಇದ್ಯಾ?

ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ನಿಜ. ಆದ್ರೆ ಸಂಬಳವೂ ಇದ್ದು ಅಡಿಕೆನೋ ಮೆಣಸೋ ಮಾರಿದ ದುಡ್ಡೂ ನಿಮ್ಮದೇ ಆಗಿದ್ರೆ ಆ ಆದಾಯ ನಿಮ್ಮ ಸಂಬಳದ ಟ್ಯಾಕ್ಸ್ ರೇಟನ್ನ ಮೇಲಕ್ಕೆ ತಳ್ಳತ್ತೆ. ಕೃಷಿ ಆದಾಯ 5,000 ದಾಟಿ, ಬೇರೆ ಆದಾಯ ಬೇಸಿಕ್ ಮಿತಿ (ಟ್ಯಾಕ್ಸ್ ಇಲ್ಲದ ಮೊದಲ ಸ್ಲ್ಯಾಬ್, ಹೊಸದ್ರಲ್ಲಿ 4 ಲಕ್ಷ) ದಾಟಿದ್ರೆ ಎರಡನ್ನೂ ಕೂಡಿಸಿ ಟ್ಯಾಕ್ಸ್ ಹಾಕಿ, ಅದರಿಂದ ಕೃಷಿ ಆದಾಯ ಮತ್ತು ಬೇಸಿಕ್ ಮಿತಿ ಕೂಡಿಸಿದ್ದರ ಮೇಲಿನ ಟ್ಯಾಕ್ಸ್ ಕಳೀಬೇಕು.

ಲೆಕ್ಕದಲ್ಲಿ ನೋಡಿ. ಹೊಸ ರಿಜೀಮ್, ಸಂಬಳದ ಟ್ಯಾಕ್ಸಬಲ್ 14 ಲಕ್ಷ, ಅಡಿಕೆ ಖರ್ಚು ಕಳೆದು 3 ಲಕ್ಷ. 17 ಲಕ್ಷಕ್ಕೆ ಟ್ಯಾಕ್ಸ್ 1,40,000. 3 ಪ್ಲಸ್ 4, 7 ಲಕ್ಷಕ್ಕೆ 15,000. ಕಳೆದ್ರೆ 1,25,000. ಅಡಿಕೆ ಇಲ್ಲದಿದ್ರೆ 14 ಲಕ್ಷಕ್ಕೆ 90,000 ಬರ್ತಿತ್ತು, ಅಂದ್ರೆ ಟ್ಯಾಕ್ಸೇ ಇಲ್ಲದ ಆದಾಯದಿಂದ 35,000 ಜಾಸ್ತಿ, ಸೆಸ್ ಬೇರೆ. ಮಲೆನಾಡಿನ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡೋ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಕೃಷಿ ಆದಾಯ ಸೊನ್ನೆ ಅಂತ ಹಾಕಿ ಐಟಿಆರ್-1 ಅನ್ನೋ ರಿಟರ್ನ್ ಫಾರಂ ಸಲ್ಲಿಸ್ತಾರೆ. 5,000 ಮೀರಿದ ಕೃಷಿ ಆದಾಯ ಇದ್ರೆ ಐಟಿಆರ್-1 ಬರಲ್ಲ, ಐಟಿಆರ್-2 ಹಾಕ್ಬೇಕು. ಪಹಣಿ ಅಪ್ಪನ ಹೆಸರಲ್ಲೇ ಇದ್ದು ಬೆಳೆ ಮಾರಿದ ದುಡ್ಡು ಅವರ ಅಕೌಂಟಿಗೇ ಹೋಗ್ತಿದ್ರೆ ಅದು ಅವರ ಆದಾಯ, ನೀವು ತೋರಿಸೋದು ಬೇಡ.

ಕೊಡಗು, ಚಿಕ್ಕಮಗಳೂರಿನೋರಿಗೆ ಒಂದು ಮಾತು: ಕಾಫಿ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ್ರೆ ಆ ಆದಾಯದ ಶೇ 25 ಭಾಗಕ್ಕೆ, ಹುರಿದು ಪುಡಿ ಮಾಡಿ ಮಾರಿದ್ರೆ ಶೇ 40 ಭಾಗಕ್ಕೆ ಟ್ಯಾಕ್ಸ್ ಇದೆ. ಅದು ಬಿಸಿನೆಸ್ ಆದಾಯ ಅಂತ ಲೆಕ್ಕ, ಅಲ್ಲಿಗೆ ಆಡಿಟರ್ ಹತ್ರ ಹೋಗೋದೇ ಒಳ್ಳೇದು.

ಹೆಜ್ಜೆ 6: ರಿಟರ್ನ್ ಹಾಕೋ ಮುಂಚೆ

ಫಾರಂ 16 ಜೂನ್ 15ರ ಒಳಗೆ ಕಂಪನಿ ಕೊಡ್ಬೇಕು. ಬಂದ ದಿನಾನೇ ಫೈಲ್ ಮಾಡೋ ಉತ್ಸಾಹ ಬೇಡ. ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಎಐಎಸ್ ಮತ್ತೆ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿರೋ ಟಿಡಿಎಸ್ ಪಟ್ಟಿ) ಡೌನ್‌ಲೋಡ್ ಮಾಡಿ. ಎಐಎಸ್ ಅಂದ್ರೆ ನಿಮ್ಮ ಪ್ಯಾನ್‌ಗೆ ಸೇರಿದ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ, ಆಸ್ತಿ ವ್ಯವಹಾರ ಎಲ್ಲಾ ಒಂದೇ ಕಡೆ, ನೀವು ಮರ್ತಿರೋ ಅಕೌಂಟ್ ಕೂಡ ಇಲಾಖೆಗೆ ಗೊತ್ತಿರತ್ತೆ. ತಪ್ಪು ಎಂಟ್ರಿ ಇದ್ರೆ ಅಲ್ಲೇ ಫೀಡ್‌ಬ್ಯಾಕ್ ಕೊಡಬಹುದು. 26ಎಎಸ್‌ನಲ್ಲಿ ಕಂಪನಿ ಹಿಡಿದ ಟಿಡಿಎಸ್ ಪೂರ್ತಿ ಬಂದಿದ್ಯಾ ನೋಡಿ, ಹಿಡಿದು ಸರ್ಕಾರಕ್ಕೆ ಕಟ್ಟದ ಕಂಪನಿಗಳೂ ಇವೆ.

ರಿಜೀಮ್ ಬಗ್ಗೆ ಕಂಪನಿಗೆ ಏನೇ ಹೇಳಿರ್ಲಿ, ಸಂಬಳದವರು ರಿಟರ್ನ್ ಹಾಕುವಾಗ ಬದಲಾಯಿಸಬಹುದು, ಪ್ರತಿ ವರ್ಷ ಬೇಕಾದ್ರೂ. ಆದ್ರೆ ಒಂದೇ ಕಂಡೀಷನ್, ಕಡೇ ದಿನಾಂಕದ ಒಳಗೆ ಹಾಕ್ಬೇಕು. ಜುಲೈ 31 ದಾಟಿ ಲೇಟ್ ರಿಟರ್ನ್ ಹಾಕಿದ್ರೆ ಹಳೇ ರಿಜೀಮ್ ಸಿಗಲ್ಲ. ಲೇಟ್ ಫೀ 5,000 (ಆದಾಯ 5 ಲಕ್ಷದ ಒಳಗಿದ್ರೆ 1,000) ಅಂತ ಜನ ಹೆದರ್ತಾರೆ, ಹೋಮ್ ಲೋನ್, ಎಚ್‌ಆರ್‌ಎ ಎರಡೂ ಇರೋರಿಗೆ ನಿಜವಾದ ಹೊಡೆತ ಬೀಳೋದು ಆ ಫೀಯಿಂದ ಅಲ್ಲ, ಆ ಕಡಿತಗಳೆಲ್ಲ ಕೈತಪ್ಪೋದ್ರಿಂದ.

ಹಿಡಿದ ಟಿಡಿಎಸ್ ಪೂರ್ತಿ ರೀಫಂಡ್ ತೆಗೆಸಿಕೊಡ್ತೀವಿ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ ಅನ್ನೋರ ಹತ್ರ ಹೋಗ್ಬೇಡಿ. ಅವರು ಮಾಡೋದು ಇಷ್ಟೇ, ಇಲ್ಲದ ರಾಜಕೀಯ ದೇಣಿಗೆ, ಇಲ್ಲದ ಕಾಯಿಲೆ, ಇಲ್ಲದ ಎಜುಕೇಷನ್ ಲೋನ್ ತುಂಬೋದು. ಸುಳ್ಳು ಕ್ಲೇಮ್ ಸಿಕ್ಕಿಬಿದ್ರೆ ತಪ್ಪಿಸಿದ ಟ್ಯಾಕ್ಸ್‌ನ ಶೇ 200ರವರೆಗೆ ದಂಡ ಇದೆ, ನೋಟಿಸ್ ಬರೋದು ನಿಮ್ಮ ಪ್ಯಾನ್‌ಗೆ, ಅಷ್ಟೊತ್ತಿಗೆ ಆ ಮನುಷ್ಯ ಫೋನ್ ಎತ್ತಲ್ಲ.

ಹೆಜ್ಜೆ 7: ಹಾಕಿದ ಮೇಲೆ

ಸಬ್ಮಿಟ್ ಒತ್ತಿದ್ರೆ ಮುಗೀಲಿಲ್ಲ, 30 ದಿನದ ಒಳಗೆ ಇ-ವೆರಿಫೈ ಮಾಡ್ಬೇಕು, ಆಧಾರ್ ಒಟಿಪಿಯಲ್ಲಿ ಒಂದು ನಿಮಿಷದ ಕೆಲಸ. ಆನ್‌ಲೈನ್ ಆಗ್ಲಿಲ್ಲ ಅಂದ್ರೆ ಐಟಿಆರ್-ವಿ ಅನ್ನೋ ವೆರಿಫಿಕೇಷನ್ ಹಾಳೆ ಪ್ರಿಂಟ್ ತೆಗೆದು ಸೈನ್ ಮಾಡಿ ಪೋಸ್ಟ್ ಮಾಡಬಹುದು (ಇದನ್ನ ಐಟಿಆರ್-5 ಅಂತ ಓದ್ಕೋಬೇಡಿ, ಅದು ಬೇರೇನೇ ಫಾರಂ). ಸೈನ್ ಮಾಡಿದ ಐಟಿಆರ್-ವಿ ಹೋಗೋದು ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ಪ್ರೊಸೆಸಿಂಗ್ ಸೆಂಟರ್), ದೇಶದ ರಿಟರ್ನ್‌ಗಳು ಪ್ರೊಸೆಸ್ ಆಗೋದು ಅಲ್ಲೇ. ರೀಫಂಡ್ ಬರೋ ಬ್ಯಾಂಕ್ ಅಕೌಂಟ್ ಪೋರ್ಟಲ್‌ನಲ್ಲಿ ಪ್ರೀ-ವ್ಯಾಲಿಡೇಟ್ ಆಗಿರ್ಬೇಕು (ನಿಮ್ಮದೇ ಅಕೌಂಟ್ ಅಂತ ಮೊದಲೇ ಖಚಿತ ಆಗಿರ್ಬೇಕು), ಇಲ್ಲಾಂದ್ರೆ ರೀಫಂಡ್ ಫೇಲ್ಡ್ ಅಂತ ತೋರಿಸ್ತಾ ಇರತ್ತೆ.

ಆಮೇಲೆ 143(1) ಅಂತ ಒಂದು ಇಂಟಿಮೇಷನ್ ಮೇಲ್ ಬರತ್ತೆ. ಅದನ್ನ ನೋಡಿ ಗಾಬರಿ ಆಗ್ಬೇಡಿ, ಎಲ್ಲರಿಗೂ ಬರೋದು ಅದು. ಒಂದು ಕಾಲಂನಲ್ಲಿ ನೀವು ಹಾಕಿದ ಲೆಕ್ಕ, ಪಕ್ಕದಲ್ಲಿ ಇಲಾಖೆ ಹಾಕಿದ ಲೆಕ್ಕ ಇರತ್ತೆ, ಎರಡೂ ಒಂದೇ ಇದ್ರೆ ಸೇವ್ ಮಾಡಿಟ್ಕೊಳ್ಳಿ, ಮುಂದೆ ಹೋಮ್ ಲೋನ್‌ಗೋ ವೀಸಾಗೋ ಕೇಳ್ತಾರೆ. ಡಿಮ್ಯಾಂಡ್ ಅಂತ ಬಂದಿದ್ರೆ ಯಾವ ಸಾಲಿನಲ್ಲಿ ವ್ಯತ್ಯಾಸ ಅಂತ ಹುಡುಕಿ, ಹೆಚ್ಚಿನ ಸಲ ಅದು ಲೆಕ್ಕಕ್ಕೆ ಸಿಗದ ಟಿಡಿಎಸ್ ಅಥವಾ ಬಿಟ್ಟುಹೋದ ಬಡ್ಡಿ ಆಗಿರತ್ತೆ. ನಿಮ್ಮದೇ ಸರಿ ಅನ್ನಿಸಿದ್ರೆ ಪೋರ್ಟಲ್‌ನಲ್ಲಿ ಒಪ್ಪಲ್ಲ ಅಂತ ಉತ್ತರ ಹಾಕಿ ಪ್ರೂಫ್ ಸೇರಿಸಿ, ಇಲಾಖೆ ಲೆಕ್ಕ ಸರಿ ಇದ್ರೆ 30 ದಿನದ ಒಳಗೆ ಕಟ್ಟಿ, ಅದು ದಾಟಿದ್ರೆ ಬಡ್ಡಿ ಓಡೋಕೆ ಶುರುವಾಗತ್ತೆ.